ಬೋರಿಂಗ್ ಯಂತ್ರವಿಲ್ಲದೆ ಎಂಜಿನ್ ರಿಪೇರಿ?

ಪ್ರಶ್ನೆ: ಹಳೇ ಟ್ರ್ಯಾಕ್ಟರ್ ಎಂಜಿನ್ನನ್ನು ಕೆಲವರು ಮನೆಯ ಶೆಡ್ಡಿನಲ್ಲೇ ಹೊಸದು ಮಾಡುತ್ತಾರಂತೆ. ಸವೆದ ಸಿಲಿಂಡರನ್ನು ಬೋರ್ ಮಾಡಿಸಬೇಕಲ್ಲವೇ?

ಉತ್ತರ: ಎಲ್ಲ ಎಂಜಿನ್‌ಗೂ ಬೇಕಿಲ್ಲ. 1946ರಿಂದ 1956ರವರೆಗೆ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ತಯಾರಾದ ಫರ್ಗ್ಯೂಸನ್ ಟಿಇ20 ಟ್ರ್ಯಾಕ್ಟರನ್ನೇ ನೋಡಿ. ಅದರ ಸ್ಟ್ಯಾಂಡರ್ಡ್ ಕಂಪನಿಯ ಎಂಜಿನ್‌ನಲ್ಲಿ ಸಿಲಿಂಡರ್ ಎಂದರೆ ಬ್ಲಾಕಿನೊಳಗೆ ಕೂರಿಸಿದ ಬಿಡಿ ಕೊಳವೆ. ಇದೇ ‘ವೆಟ್ ಲೈನರ್’. ಇದರ ಹೊರಮೈಗೆ ಕೂಲಿಂಗ್ ನೀರು ನೇರವಾಗಿ ತಾಗುತ್ತದೆ. ಸವೆದರೆ ಹಳೆಯದನ್ನು ಎಳೆದು ತೆಗೆದು, ಹೊಸ ಲೈನರ್, ಪಿಸ್ಟನ್, ರಿಂಗ್‌ಗಳನ್ನು ಒಟ್ಟಿಗೇ ಹಾಕಬಹುದು.

ಆದರೆ ಎರಡು ಎಚ್ಚರ ಬೇಕು. ಲೈನರಿನ ಅಂಚು ಬ್ಲಾಕಿನ ಮಟ್ಟಕ್ಕಿಂತ ಕೂದಲೆಳೆಯಷ್ಟು ಮೇಲಿರಬೇಕು. ತಗ್ಗಿದರೆ ಹೆಡ್ ಗ್ಯಾಸ್ಕೆಟ್ ಬಿಗಿಯಾಗಿ ಕೂರುವುದಿಲ್ಲ. ಹೆಡ್ ಬಿಚ್ಚಿದ ಮೇಲೆ ಲೈನರನ್ನು ಒತ್ತಿ ಹಿಡಿಯದೆ ಕ್ರ್ಯಾಂಕ್ ತಿರುಗಿಸಿದರೆ, ಪಿಸ್ಟನ್ ಜೊತೆ ಅದೂ ಮೇಲೆದ್ದು ಕೆಳಗಿನ ಸೀಲ್ ಕೆಡಬಹುದು. ಆಗ ನೀರು ಎಂಜಿನ್ ಆಯಿಲ್‌ಗೆ ಇಳಿಯುತ್ತದೆ.

ಎಂಜಿನ್ನನ್ನೇ ಹೊರತೆಗೆಯುವುದಾದರೆ ಇನ್ನೊಂದು ಮಾತು: ಈ ಟ್ರ್ಯಾಕ್ಟರಿಗೆ ಬೇರೆ ಚಾಸಿಯೇ ಇಲ್ಲ, ಎಂಜಿನ್ನೇ ಬೆನ್ನೆಲುಬು. ಮುಂದೆ, ಹಿಂದೆ ಎರಡೂ ಕಡೆ ಭದ್ರವಾಗಿ ಆನಿಕೆ ಕೊಡದೆ ಬೋಲ್ಟ್ ಸಡಿಲಿಸಬೇಡಿ. ಕ್ರ್ಯಾಂಕ್ ಸವೆದಿದ್ದರೆ ಮಾತ್ರ ಗ್ರೈಂಡಿಂಗಿಗೆ ವರ್ಕ್‌ಶಾಪ್ ಹಾದಿ ಹಿಡಿಯಲೇಬೇಕು.