ಅಂಗಡಿಗೆ ಹೊರಟವನ ಕೈಗೆ ಕೋವಿ ಬೇಕೇ?

ಮಂಜೇಶ್ವರ ತಾಲೂಕಿನ ನಮ್ಮ ಬಂಧುಗಳೊಬ್ಬರ ಮನೆಗೆ ಈಚೆಗೆ ಹೋಗಿದ್ದೆವು. ಅಡಿಕೆ, ಕಾಳುಮೆಣಸಿನ ವ್ಯಾಪಾರ. ಮೂರು ತಲೆಮಾರಿನ ಅಂಗಡಿ. ಹೊತ್ತು ಮುಳುಗುವ ಮೊದಲೇ ಊಟ ಮುಗಿಸಿ ಎಲ್ಲರೂ ಚಾವಡಿಯಲ್ಲಿ ಕುಳಿತಿದ್ದಾಗ ಹಿರಿಮಗ ಮಾತು ತೆಗೆದ.

"ಅಪ್ಪಾ, ಒಂದು ಪಿಸ್ತೂಲಿಗೆ ಲೈಸನ್ಸು ಮಾಡಿಸುವ ಅಂತ ಇದ್ದೇನೆ. ವಾರಕ್ಕೆ ಮೂರು ದಿನ ಮಂಗಳೂರಿನಿಂದ ವಸೂಲಿ ಹಣ ತರುವವನು ನಾನು. ದಾರಿಯಲ್ಲಿ ಏನಾದರೂ ಆದರೆ ಕೇಳುವವರು ಯಾರು?"

ತಂದೆ ಮಾತಾಡಲಿಲ್ಲ. ತಾಯಿ ಮಾತ್ರ, "ತಂದರೆ ಇಡುವುದು ಎಲ್ಲಿ ಮಗಾ? ದೇವರ ಕೋಣೆಯ ಪಕ್ಕದ ಕಪಾಟಿನಲ್ಲೋ?" ಎಂದು ಕೇಳಿದರು. ಆಮೇಲೆ ಎಲ್ಲರೂ ನಮ್ಮ ಮುಖ ನೋಡಿದರು.

ಆ ಹೊತ್ತಿಗೆ ತಕ್ಕ ಉತ್ತರ ನಮಗೂ ಹೊಳೆಯಲಿಲ್ಲ. ಇಂತಹ ಪ್ರಶ್ನೆ ಇಂದು ನಮ್ಮ ಅನೇಕ ವ್ಯಾಪಾರಿ ಕುಟುಂಬಗಳಲ್ಲಿ ಎದ್ದಿರಬಹುದು ಎಂದು ತೋರಿದ್ದರಿಂದ ಈ ಲೇಖನ.

ಹೆದರಿಕೆ ಸುಳ್ಳಲ್ಲ

ಆ ಹುಡುಗನ ಹೆದರಿಕೆಗೆ ಕಾರಣವಿದೆ. 2025ರ ಜನವರಿ 17ರಂದು ತಲಪಾಡಿ ಗಡಿಗೆ ಹತ್ತಿರದ ಕೆ.ಸಿ. ರೋಡಿನಲ್ಲಿ ಕೋಟೆಕಾರು ಸಹಕಾರಿ ಸಂಘದ ಶಾಖೆಗೆ ಹಾಡಹಗಲೇ ಮುಸುಕುಧಾರಿಗಳು ನುಗ್ಗಿ, ಆಯುಧ ತೋರಿಸಿ ಚಿನ್ನ, ನಗದು ದೋಚಿದರು. ಅದರ ಹಿಂದಿನ ದಿನವಷ್ಟೇ ಬೀದರಿನಲ್ಲಿ ಎ.ಟಿ.ಎಂ.ಗೆ ಹಣ ಸಾಗಿಸುತ್ತಿದ್ದ ಸಿಬ್ಬಂದಿಯ ಮೇಲೆ ಗುಂಡು ಹಾರಿಸಿ ಹಣದ ಪೆಟ್ಟಿಗೆ ಒಯ್ದಿದ್ದರು; ಅಲ್ಲಿ ಪ್ರಾಣವೇ ಹೋಯಿತು. 2024ರ ಮಾರ್ಚಿಯಲ್ಲಿ ಉಪ್ಪಳ ಪೇಟೆಯಲ್ಲಿ ಎ.ಟಿ.ಎಂ.ಗೆ ಹಣ ತುಂಬಲು ಬಂದ ವಾಹನದ ಗಾಜು ಒಡೆದು 50 ಲಕ್ಷ ರೂಪಾಯಿ ಎತ್ತಿಕೊಂಡು ಹೋದರು. 2015ರಲ್ಲಿ ಚೆರುವತ್ತೂರಿನ ಒಂದು ಬ್ಯಾಂಕಿನ ಕೆಳಗಿನ ಅಂಗಡಿಕೋಣೆಯನ್ನು ಬಾಡಿಗೆಗೆ ಹಿಡಿದು, ಮೇಲ್ಛಾವಣಿಗೆ ಕನ್ನ ಕೊರೆದು, ಭದ್ರತಾಕೋಣೆಯ ಚಿನ್ನ ಸಾಗಿಸಿದ್ದು ನಮ್ಮ ಜಿಲ್ಲೆಯವರಿಗೆ ಮರೆತಿಲ್ಲ.

ಆದರೆ ಈ ನಾಲ್ಕು ಘಟನೆಗಳನ್ನು ಸಾವಧಾನವಾಗಿ ನೋಡಿರಿ. ಚೆರುವತ್ತೂರಿನಲ್ಲಿ ಕಳವಾದಾಗ ಎದುರಿಸಲು ಅಲ್ಲಿ ಯಾರೂ ಇರಲಿಲ್ಲ. ಉಪ್ಪಳದಲ್ಲಿ ಗಮನ ಒಂದು ಕ್ಷಣ ಅತ್ತ ಹೋದದ್ದೇ ಸಾಕಾಯಿತು. ಕೆ.ಸಿ. ರೋಡಿನಲ್ಲಿ ಸಿಬ್ಬಂದಿ ಎದುರು ಬೀಳಲಿಲ್ಲ, ಜೀವ ಉಳಿಯಿತು. ಮೂರು ದಿನಗಳಲ್ಲೇ ಆರೋಪಿಗಳಲ್ಲಿ ಕೆಲವರು ತಮಿಳುನಾಡಿನಲ್ಲಿ ಸಿಕ್ಕಿಬಿದ್ದರು. ಬೀದರಿನಲ್ಲಿ ಗುಂಡು ಮೊದಲು ಹಾರಿದ್ದು ಕಳ್ಳರ ಕಡೆಯಿಂದ. ಸಮಯವನ್ನೂ ಸ್ಥಳವನ್ನೂ ಆರಿಸುವವನು ಕಳ್ಳ. ನಾವು ಅರಿಯುವಷ್ಟರಲ್ಲಿ ಅವನ ಕೈಯಲ್ಲಿ ಆಯುಧ ಇರುತ್ತದೆ. ನಮ್ಮದು ಇನ್ನೂ ಚೀಲದಲ್ಲೇ ಇರುತ್ತದೆ. ಅಂಥ ಹೊತ್ತಿನಲ್ಲಿ ಪಿಸ್ತೂಲಿಗೆ ಕೈ ಹಾಕಿದವನ ಜೀವಕ್ಕೇ ಅಪಾಯ ಹೆಚ್ಚು. ಹಣದೊಂದಿಗೆ ಆಯುಧವೂ ಕಳ್ಳನ ಪಾಲಾಗಬಹುದು.

ಕಾನೂನು ಏನು ಹೇಳುತ್ತದೆ?

ನಮ್ಮ ದೇಶದಲ್ಲಿ ಕೋವಿ ಇಡುವುದು ಹಕ್ಕಲ್ಲ, ಅನುಮತಿ. 1959ರ ಆಯುಧ ಕಾಯ್ದೆಯಂತೆ ಪರವಾನಗಿ ಬೇಕು. ಅರ್ಜಿದಾರನ ಬಗ್ಗೆ ಪೊಲೀಸರು ವಿಚಾರಿಸಿ ವರದಿ ಕೊಡುತ್ತಾರೆ. 2016ರ ನಿಯಮಗಳಂತೆ ಹೊಸಬರು ಆಯುಧವನ್ನು ಸುರಕ್ಷಿತವಾಗಿ ಬಳಸುವ ತರಬೇತಿ ಪಡೆಯಬೇಕು. 2019ರ ತಿದ್ದುಪಡಿಯಿಂದ ಒಬ್ಬನು ಇಡಬಹುದಾದ ಕೋವಿಗಳ ಸಂಖ್ಯೆ 3ರಿಂದ 2ಕ್ಕೆ ಇಳಿಯಿತು. ಪರವಾನಗಿಯ ಅವಧಿ 3 ವರ್ಷದಿಂದ 5 ವರ್ಷಕ್ಕೆ ಏರಿತು.

ಗಡಿನಾಡಿನವರು ಇನ್ನೊಂದು ಮಾತನ್ನು ಗಮನಿಸಬೇಕು. ಯಾವ ಪ್ರದೇಶಕ್ಕೆ ಸಲ್ಲುತ್ತದೆ ಎಂಬುದು ಪರವಾನಗಿಯಲ್ಲೇ ನಮೂದಾಗಿರುತ್ತದೆ. ಬೆಳಿಗ್ಗೆ ಕಾಸರಗೋಡು, ಮಧ್ಯಾಹ್ನ ಮಂಗಳೂರು, ಸಂಜೆ ಪುತ್ತೂರು ಎಂದು ಓಡಾಡುವವನು ಕೇರಳಕ್ಕೆ ಮಾತ್ರ ಸಲ್ಲುವ ಪರವಾನಗಿ ಹಿಡಿದು ತಲಪಾಡಿ ದಾಟಿದರೆ, ಕಳ್ಳನಿಂದಲ್ಲ, ಕಾನೂನಿನಿಂದಲೇ ತೊಂದರೆಗೆ ಸಿಲುಕುತ್ತಾನೆ. ಜಾತ್ರೆ, ಧಾರ್ಮಿಕ ಮೆರವಣಿಗೆ, ಸಾರ್ವಜನಿಕ ಸಭೆ, ಶಾಲೆಯ ಆವರಣ ಇಲ್ಲಿಗೆ ಆಯುಧ ಒಯ್ಯಬಾರದೆಂಬ ಷರತ್ತು ಪರವಾನಗಿಯಲ್ಲಿದೆ. ಬಂಗ್ರ ಮಂಜೇಶ್ವರದ ಚತುರ್ಮುಖ ಬಸದಿಯ ಉತ್ಸವಕ್ಕೆ ಹೊರಟ ದಿನ ಅದನ್ನು ಯಾರ ಕೈಗೆ ಕೊಟ್ಟು ಹೋಗುವುದು? ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಬೇಕಾಗುವುದೂ ಉಂಟು.

ಜೀವ ಉಳಿಸಿಕೊಳ್ಳುವ ಹಕ್ಕನ್ನು ಕಾನೂನು ಯಾರಿಂದಲೂ ಕಸಿದಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಆತ್ಮರಕ್ಷಣೆಗೆ ಸಂಬಂಧಿಸಿದವು. ಆದರೆ ರಕ್ಷಣೆಗೆ ಎಷ್ಟು ಬೇಕೋ ಅಷ್ಟೇ, ಅದಕ್ಕಿಂತ ಹೆಚ್ಚು ಕೇಡು ಸಲ್ಲದು ಎಂಬ ಮಿತಿಯೂ ಅಲ್ಲೇ ಇದೆ. ಓಡಿಹೋಗುವವನ ಬೆನ್ನಿಗೆ ಗುಂಡು ಹಾರಿಸಿದವನು ಅದಕ್ಕೆ ನ್ಯಾಯಾಲಯದಲ್ಲಿ ಉತ್ತರ ಹೇಳಬೇಕಾಗುತ್ತದೆ.

ನಮ್ಮ ಹಿರಿಯರು ಹೇಳಿದ್ದು

ಜೈನರು ಹೇಡಿಗಳು, ಅದಕ್ಕೇ ಆಯುಧ ಬೇಡ ಎನ್ನುತ್ತಾರೆ ಎಂದು ಆಡಿಕೊಳ್ಳುವವರಿದ್ದಾರೆ. ಅದು ಚರಿತ್ರೆ ತಿಳಿಯದ ಮಾತು. ಪೋರ್ಚುಗೀಸರನ್ನು ಎದುರಿಸಿ ನಿಂತ ಉಳ್ಳಾಲದ ರಾಣಿ ಅಬ್ಬಕ್ಕ ಚೌಟರ ಜೈನ ಮನೆತನದವಳು. ಶ್ರವಣಬೆಳಗೊಳದ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ ಸೇನಾಪತಿ.

ಶಾಸ್ತ್ರಕಾರರು ಗೃಹಸ್ಥನ ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ. ಬೇಕೆಂದೇ ಮಾಡುವ ಸಂಕಲ್ಪಿ ಹಿಂಸೆಯನ್ನು ಶ್ರಾವಕ ಪೂರ್ತಿ ಬಿಡಬೇಕು. ಮೇಲೆ ಬಿದ್ದವನಿಂದ ತನ್ನನ್ನೂ ತನ್ನವರನ್ನೂ ಕಾಪಾಡಿಕೊಳ್ಳುವಾಗ ಆಗುವುದು ವಿರೋಧಿ ಹಿಂಸೆ. ಗೃಹಸ್ಥನಿಗೆ ಅದು ಪೂರ್ತಿ ತಪ್ಪಿದ್ದಲ್ಲ. ಆದರೆ ಇಂದಲ್ಲ ನಾಳೆ ಯಾರನ್ನೋ ಹೊಡೆಯಬೇಕಾದೀತು ಎಂದು ದಿನವೂ ಬೆಳಿಗ್ಗೆ ಗುಂಡು ತುಂಬಿಕೊಂಡು ಹೊರಡುವವನ ಮನಸ್ಸು ಯಾವ ಬಗೆಯಲ್ಲಿದೆ? ವಿರೋಧಿಯೋ, ನಿಧಾನವಾಗಿ ಸಂಕಲ್ಪಿಯ ಕಡೆಗೆ ಜಾರುತ್ತಿದೆಯೋ? ಪ್ರತಿಯೊಬ್ಬರೂ ತಮ್ಮನ್ನೇ ಕೇಳಿಕೊಳ್ಳಬೇಕಾದ ಮಾತಿದು. ಸಮಂತಭದ್ರಾಚಾರ್ಯರು ಆಯುಧಗಳನ್ನು ಕೊಡುವ 'ಹಿಂಸಾದಾನ'ವನ್ನು ಅನರ್ಥದಂಡಗಳಲ್ಲಿ ಒಂದಾಗಿ ಎಣಿಸಿದ್ದಾರೆ. ಮನೆಯ ಕಪಾಟಿನ ಕೋವಿ ಮಕ್ಕಳ ಕೈಗೆ, ಸಿಟ್ಟಿನಲ್ಲಿದ್ದವನ ಕೈಗೆ, ಬೇಸರದಲ್ಲಿದ್ದವನ ಕೈಗೆ ಸಿಗುವುದಿಲ್ಲವೆಂದು ಯಾರು ಹೇಳಬಲ್ಲರು?

ಭರತ ಬಾಹುಬಲಿಯರ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಎರಡು ಸೇನೆಗಳು ಎದುರುಬದುರಾದಾಗ ಮಂತ್ರಿಗಳು ರಕ್ತಪಾತ ತಪ್ಪಿಸಿ, ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧದ ದಾರಿ ತೋರಿಸಿದರು. ಜಗಳ ತಪ್ಪದಿದ್ದಾಗಲೂ ಕೇಡನ್ನು ಆದಷ್ಟು ಕಿರಿದು ಮಾಡುವುದೇ ನಮ್ಮ ಪರಂಪರೆ.

ತೋಟದವರ ಮಾತು ಬೇರೆ

ಕಾಡಿನಂಚಿನ ತೋಟಗಳಲ್ಲಿ ಕಾಡುಹಂದಿ, ಮಂಗಗಳ ಉಪಟಳದಿಂದ ಸೋತ ರೈತರ ಕಷ್ಟ ನಮಗೆ ತಿಳಿಯದ್ದಲ್ಲ. ಬೆಳೆ ರಕ್ಷಣೆಗೆಂದು ಕೋವಿಯ ಪರವಾನಗಿ ಪಡೆದ ಮನೆಗಳು ಈ ಕಡೆ ಹಿಂದಿನಿಂದಲೂ ಇವೆ. ಬೆಳೆ ಹಾಳುಮಾಡುವ ಕಾಡುಹಂದಿಯನ್ನು ಪರವಾನಗಿ ಇರುವವರಿಂದ ಕೊಲ್ಲಿಸುವ ಅಧಿಕಾರವನ್ನು 2022ರಲ್ಲಿ ಕೇರಳ ಸರಕಾರ ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೆ ಕೊಟ್ಟಿತು. ನಮ್ಮವರು ಬೇಲಿ, ಸೌರ ತಂತಿ, ಕಾವಲು ಇವುಗಳನ್ನು ಮೊದಲು ಮಾಡಿ ನೋಡಬೇಕೆಂಬುದು ನಮ್ಮ ಅಭಿಪ್ರಾಯ. ಅದೇನಿದ್ದರೂ ತೋಟದ ಕೋವಿಯನ್ನು ಮುಂದಿಟ್ಟುಕೊಂಡು ಪೇಟೆಯ ಪಿಸ್ತೂಲನ್ನು ಸಮರ್ಥಿಸಲಾಗದು.

ಹಾಗಾದರೆ ಮಾಡುವುದೇನು?

ಪ್ರಮಾದವೇ ಹಿಂಸೆಯ ಮೂಲವೆಂದು ಉಮಾಸ್ವಾಮಿಗಳು ತಿಳಿಸಿದ್ದಾರೆ. ಕಳವಿಗೂ ಬಹಳಷ್ಟು ಸಲ ನಮ್ಮ ಪ್ರಮಾದವೇ ದಾರಿ ಮಾಡಿಕೊಡುತ್ತದೆ. ದಿನವೂ ಒಂದೇ ಹೊತ್ತಿಗೆ, ಒಂದೇ ದಾರಿಯಲ್ಲಿ, ಒಂದೇ ಚೀಲದಲ್ಲಿ ಹಣ ಒಯ್ಯಬೇಡಿ. ಸಾಧ್ಯವಿದ್ದಷ್ಟನ್ನು ಬ್ಯಾಂಕಿನ ಮೂಲಕವೇ ಮುಗಿಸಿ. ನಗದು ತರಲೇಬೇಕಾದರೆ ಇಬ್ಬರು ಹೋಗಿ, ಹಗಲಿನಲ್ಲೇ ಮರಳಿ. ದಾರಿಯಲ್ಲಿ ವಾಹನದಲ್ಲಿ ಹಣ ಬಿಟ್ಟು ಇಳಿಯಬೇಡಿ. ಇಂದಿನ ವ್ಯಾಪಾರ ಎಷ್ಟಾಯಿತೆಂದು ಹೋಟೆಲಿನಲ್ಲಿ, ಬಸ್ಸಿನಲ್ಲಿ ಮಾತಾಡಬೇಡಿ. ಮದುವೆಗೆ ಹೊರಟಾಗ ಒಡವೆಯನ್ನೆಲ್ಲ ಮನೆಯ ತಿಜೋರಿಯಲ್ಲಿ ಬಿಡದೆ ಲಾಕರಿನಲ್ಲಿಡಿ. ತೀರ್ಥಯಾತ್ರೆಗೆ ಹೋಗುವಾಗ, ಮನೆ ಬೀಗ ಹಾಕಿದೆ ಎಂದು ಕೇರಳ ಪೊಲೀಸರ 'ಪೋಲ್ ಆ್ಯಪ್' ಮೂಲಕ ತಿಳಿಸಬಹುದು. ತುರ್ತಿಗೆ 112 ಸಂಖ್ಯೆ ಮನೆಯ ಪ್ರತಿಯೊಬ್ಬರಿಗೂ ಬಾಯಿಪಾಠವಾಗಿರಲಿ. ಎಲ್ಲಕ್ಕಿಂತ ಮೇಲಾಗಿ ಯಾವ ಮತದವರಾದರೂ ಸರಿ, ನೆರೆಯ ಅಂಗಡಿಯವರ ಸ್ನೇಹ ಗಳಿಸಿಕೊಳ್ಳಿ. ಕೂಗಿದರೆ ಓಡಿಬರುವ ನಾಲ್ಕು ಜನ ಇದ್ದರೆ ಅದಕ್ಕಿಂತ ದೊಡ್ಡ ಕಾವಲಿಲ್ಲ.

ಇಷ್ಟಾದ ಮೇಲೂ ಎದುರಿಗೆ ಆಯುಧ ಹಿಡಿದವನು ನಿಂತರೆ? ಹಣ ಕೊಟ್ಟುಬಿಡಿ. ಗಾಡಿಯ ಸಂಖ್ಯೆ, ಮಾತಿನ ಧಾಟಿ, ಹೋದ ದಿಕ್ಕು ನೆನಪಿಡಿ. ಪರಿಗ್ರಹ ಮತ್ತೆ ಕೂಡೀತು. ಹೋದ ಜೀವ ಬಾರದು. ಅದು ನಮ್ಮದಾದರೂ ಅಷ್ಟೇ, ಅವನದಾದರೂ ಅಷ್ಟೇ.

ಇದನ್ನೆಲ್ಲ ಬರೆದು ಆ ಬಂಧುಗಳಿಗೆ ಓದಿ ಹೇಳಿದೆವು. ಮಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ನನ್ನ ಜೊತೆಗೆ ಬರುವವರು ಯಾರು?" ಎಂದು ಕೇಳಿದ. "ನಾನು ಬರುತ್ತೇನೆ" ಎಂದರು ತಂದೆ. ಈಗ ವಾರದ ವಸೂಲಿಗೆ ಅಪ್ಪ ಮಗ ಇಬ್ಬರೂ ಹೋಗುತ್ತಾರೆ. ಹೊತ್ತು ಮುಳುಗುವ ಮೊದಲು, ಊಟದ ವೇಳೆಗೆ, ಮನೆಯಲ್ಲಿರುತ್ತಾರೆ.