ಅಡಗಿದ ಆಂಟೆನಾ: ಕಾರಿನಲ್ಲಿ ಉಪಗ್ರಹ ಬಾನುಲಿ

ಮೋಟಾರು ಕಾರಿನ ಮೈಮೇಲೆ ನೆಟ್ಟಗೆ ನಿಂತಿರುವ ಲೋಹದ ಕಡ್ಡಿಯನ್ನು ನೋಡದವರಿಲ್ಲ. ಅದು ಬಾನುಲಿಯ ಆಂಟೆನಾ. ಎಫ್.ಎಂ. ಪ್ರಸಾರದ ಅಲೆಯ ಉದ್ದ ಸುಮಾರು ೩ ಮೀಟರು. ಅದರ ಕಾಲುಭಾಗ, ಎಂದರೆ ಸುಮಾರು ೭೫ ಸೆಂಟಿಮೀಟರು ಉದ್ದದ ಕಡ್ಡಿ ಆ ಅಲೆಯನ್ನು ಚೆನ್ನಾಗಿ ಹಿಡಿಯುತ್ತದೆ. ಹಳೆಯ ಕಾರುಗಳ ಕಡ್ಡಿ ಅಷ್ಟುದ್ದವಿದ್ದುದಕ್ಕೆ ಕಾರಣವಿದೇ ಹೊರತು ಅಲಂಕಾರವಲ್ಲ.

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ೨೦೦೧ರಲ್ಲಿ ಎಕ್ಸ್.ಎಂ. ಎಂಬ ಸಂಸ್ಥೆಯೂ, ಮರುವರ್ಷ ಸಿರಿಯಸ್ ಎಂಬ ಸಂಸ್ಥೆಯೂ ಕೃತಕ ಉಪಗ್ರಹಗಳಿಂದ ನೇರವಾಗಿ ಕಾರುಗಳಿಗೆ ಬಾನುಲಿಯನ್ನು ಬಿತ್ತರಿಸತೊಡಗಿದವು. ೨೦೦೮ರಲ್ಲಿ ಇವೆರಡೂ ಒಂದಾದವು. ತಿಂಗಳ ಚಂದಾ ಕೊಟ್ಟವರು ಊರಿಂದೂರಿಗೆ ನೂರಾರು ಮೈಲಿ ಹೋದರೂ ಅದೇ ಹಾಡು, ಅದೇ ವಾರ್ತೆ ತಪ್ಪದೆ ಕೇಳಿಬರುವುದೆಂಬುದು ಇದರ ಆಕರ್ಷಣೆ. ಆದರೆ ಈ ಪ್ರಸಾರ ನಡೆಯುವುದು ೨೩೨೦ರಿಂದ ೨೩೪೫ ಮೆಗಾಹರ್ಟ್ಸ್‌ಗಳ ನಡುವೆ. ಅಲೆಯ ಉದ್ದ ೧೩ ಸೆಂಟಿಮೀಟರಿನಷ್ಟು ಮಾತ್ರ. ಅಲ್ಲದೆ ಉಪಗ್ರಹದ ಅಲೆ ತಿರುಪಿನಂತೆ ಸುತ್ತುತ್ತ ಬರುತ್ತದೆ. ನೆಟ್ಟನೆಯ ಕಡ್ಡಿಯು ಅಂತಹ ಅಲೆಯ ಅರ್ಧವನ್ನಷ್ಟೇ ಹಿಡಿಯಬಲ್ಲದು. ಅದೂ ತಲೆಯ ಮೇಲಿಂದ ಬಂದುದಾದರೆ ಕಡ್ಡಿಗೆ ತಾಕುವುದೇ ಕಡಿಮೆ.

ಆದುದರಿಂದ ಉಪಗ್ರಹ ಬಾನುಲಿಗೆ ಬೇರೆಯದೇ ಆಂಟೆನಾ ಬೇಕಾಯಿತು. ಬೆಂಕಿಪೆಟ್ಟಿಗೆಯಷ್ಟು ಚಿಕ್ಕದಾದ ಪ್ಲಾಸ್ಟಿಕ್ ಕವಚ. ಅದರೊಳಗೆ ಲೋಹದ ಲೇಪವುಳ್ಳ ಪಿಂಗಾಣಿಯ ಬಿಲ್ಲೆ. ಬಿಲ್ಲೆಯ ಕೆಳಗೆ ಪುಟ್ಟದೊಂದು ವರ್ಧಕ. ಸಾವಿರಾರು ಕಿಲೋಮೀಟರು ಎತ್ತರದಿಂದ ಬಂದ ಸಂಕೇತ ಅತಿ ಕ್ಷೀಣವಾದುದು. ತೆಳುವಾದ ತಂತಿಯಲ್ಲಿ ಕೆಲವು ಮೀಟರು ಹರಿಯುವಷ್ಟರಲ್ಲಿ ಅದು ಕರಗಿಹೋಗುವುದರಿಂದ ಹುಟ್ಟಿದಲ್ಲೇ ಅದನ್ನು ಬಲಪಡಿಸಬೇಕಾಗುತ್ತದೆ. ಈ ವರ್ಧಕಕ್ಕೆ ಬೇಕಾದ ವಿದ್ಯುತ್ತು ಅದೇ ತಂತಿಯ ಮೂಲಕ ರೇಡಿಯೋದಿಂದ ಮೇಲೇರುತ್ತದೆ, ಸಂಕೇತ ಕೆಳಗಿಳಿಯುತ್ತದೆ. ಅಡಿಯಲ್ಲಿ ಅಯಸ್ಕಾಂತವಿರುವುದರಿಂದ ಕಾರಿನ ಮಾಡಿನ ಮೇಲೆ ಇಟ್ಟರೆ ಕಚ್ಚಿಕೊಳ್ಳುತ್ತದೆ. ಮಾಡಿನ ತಗಡು ಅಲೆಯನ್ನು ಮೇಲಕ್ಕೆ ಪ್ರತಿಫಲಿಸಿ ಬಿಲ್ಲೆಗೆ ನೆರವಾಗುತ್ತದೆ.

ಕೆಲಸಕ್ಕೇನೋ ಇದು ಸರಿ, ನೋಟಕ್ಕಲ್ಲ. ಹೊಸ ಕಾರಿನ ನುಣುಪಾದ ಮೈಮೇಲೆ ಕರಿಯ ಗಂಟೊಂದು, ಅದರಿಂದ ಹೊರಟು ಬಾಗಿಲ ರಬ್ಬರಿನ ಸಂದಿಯಲ್ಲಿ ನುಸುಳುವ ತಂತಿಯೊಂದು! ಒಳಗೆ ಬೆಲೆಬಾಳುವ ರೇಡಿಯೋ ಇದೆಯೆಂದು ಕಳ್ಳನಿಗೆ ಸಾರಿ ಹೇಳಿದಂತೆಯೂ ಆಗುತ್ತದೆ. ಇದಕ್ಕೆ ಕೆಲವರು ಕಂಡುಕೊಂಡ ಉಪಾಯವೆಂದರೆ, ಕಾರ್ಖಾನೆಯವರೇ ಮಾಡಿನ ಹಿಂಭಾಗದಲ್ಲಿ ಕೂರಿಸಿರುವ, ಶಾರ್ಕ್ ಮೀನಿನ ಈಜುರೆಕ್ಕೆಯನ್ನು ಹೋಲುವ ಪ್ಲಾಸ್ಟಿಕ್ ಕವಚವನ್ನು ಬಿಚ್ಚಿ, ಅದರ ಪೊಳ್ಳಿನಲ್ಲಿ ಈ ಬಿಲ್ಲೆಯನ್ನು ಸೇರಿಸಿ ಮತ್ತೆ ಮುಚ್ಚುವುದು. ಹೊರಗಿನಿಂದ ನೋಡಿದವರಿಗೆ ಕಾರು ಕಾರ್ಖಾನೆಯಿಂದ ಬಂದಂತೆಯೇ ಇರುತ್ತದೆ.

ಇಲ್ಲಿ ಮರೆಯಬಾರದ ಸಂಗತಿ ಒಂದಿದೆ. ಮನುಷ್ಯನ ಕಣ್ಣಿಗೆ ಮರೆಯಾದುದು ಆಕಾಶಕ್ಕೆ ಮರೆಯಾಗಬಾರದು. ಲಾಂದ್ರದ ಗಾಜಿನೊಳಗಣ ದೀಪ ಬೆಳಕು ಕೊಡುತ್ತದೆ, ಗಡಿಗೆಯೊಳಗಣ ದೀಪ ಕೊಡದು. ರೇಡಿಯೋ ಅಲೆಗೆ ಪ್ಲಾಸ್ಟಿಕ್ಕು ಗಾಜಿನಂತೆ, ಲೋಹ ಗಡಿಗೆಯಂತೆ. ಎಫ್.ಎಂ. ಟ್ರಾನ್ಸಿಸ್ಟರೊಂದನ್ನು ಬಿಗಿಮುಚ್ಚಳದ ತಗಡಿನ ಡಬ್ಬಿಯಲ್ಲಿಟ್ಟು ನಿಲಯ ಮಾಯವಾಗುವುದನ್ನು ಶಾಲೆಯ ವಿದ್ಯಾರ್ಥಿಗಳಿಗೆ ಸುಲಭವಾಗಿ ತೋರಿಸಬಹುದು. ಲೋಹದ ಪುಡಿ ಬೆರೆತ ಮಿನುಗು ಬಣ್ಣವನ್ನು ದಪ್ಪಗೆ ಬಳಿದರೆ ಪ್ಲಾಸ್ಟಿಕ್ ಕವಚವೂ ಅಷ್ಟಿಷ್ಟು ತಡೆಯಾಗುತ್ತದೆ. ಕವಚದೊಳಗೆ ಮೊದಲೇ ಇರುವ ದೂರವಾಣಿಯ ಆಂಟೆನಾಕ್ಕೆ ಹೊಸ ಬಿಲ್ಲೆ ಒತ್ತಿಕೊಂಡರೆ ಎರಡೂ ಕೆಡುತ್ತವೆ. ಬಿಲ್ಲೆ ಓರೆಯಾಗದೆ, ಮುಖ ಮೇಲಾಗಿ ಮಲಗಿರಬೇಕು.

ಆಕಾಶದ ನೇರನೋಟದ ಅಗತ್ಯ ಕನ್ನಡಿಗರಿಗೆ ಅಪರಿಚಿತವಲ್ಲ. ೨೦೦೦ದಲ್ಲಿ ಹಾರಿದ ಏಷ್ಯಾಸ್ಟಾರ್ ಉಪಗ್ರಹದಿಂದ ವರ್ಲ್ಡ್‌ಸ್ಪೇಸ್ ಸಂಸ್ಥೆ ಭಾರತಕ್ಕೆ ಬಾನುಲಿ ಬಿತ್ತರಿಸುತ್ತಿದ್ದಾಗ ಅದರಲ್ಲಿ ‘ಸ್ಪರ್ಶ’ ಎಂಬ ಕನ್ನಡ ವಾಹಿನಿಯೂ ಇದ್ದಿತು. ಆ ಉಪಗ್ರಹ ೧೦೫ ಡಿಗ್ರಿ ಪೂರ್ವ ರೇಖಾಂಶದ ಮೇಲಿದ್ದುದರಿಂದ, ನಮ್ಮ ನಾಡಿನಲ್ಲಿ ಆಂಟೆನಾವನ್ನು ಮೂಡಣ ದಿಕ್ಕಿನ ಕಿಟಕಿಯಲ್ಲಿಟ್ಟು ಮೇಲ್ಮುಖವಾಗಿ ವಾಲಿಸಬೇಕಾಗಿತ್ತು. ಅಡ್ಡ ಒಂದು ಗೋಡೆ ಬಂದರೆ ಹಾಡು ನಿಂತಿತು. ೨೦೦೯ರ ಡಿಸೆಂಬರ್ ೩೧ರಂದು ಆ ಸೇವೆಯೇ ಭಾರತದಲ್ಲಿ ನಿಂತುಹೋಯಿತು.

ಮತ್ತೆ ಕಾರಿನ ಮಾತಿಗೆ ಬಂದರೆ, ತಂತಿಯನ್ನು ಇಳಿಸುವುದರಲ್ಲಿ ಎಚ್ಚರ ಬೇಕು. ಮಾಡಿನಲ್ಲಿ ಕಾರ್ಖಾನೆಯವರು ಕೊರೆದ ರಂಧ್ರವೇ ಸಾಕು, ಹೊಸದನ್ನು ಕೊರೆಯಲಾಗದು. ಆದರೆ ತಂತಿ ರಬ್ಬರಿನ ಒತ್ತುಪಟ್ಟಿಯ ಅಡಿಯಲ್ಲಿ ಸಿಕ್ಕಿಕೊಂಡರೆ ಮೊದಲ ಮಳೆಗೇ ಒಳಗೆ ನೀರು ತೊಟ್ಟಿಕ್ಕುತ್ತದೆ. ಪಕ್ಕದ ಕಂಬಗಳಲ್ಲಿ ಅಪಘಾತದ ಹೊತ್ತಿಗೆ ಉಬ್ಬುವ ಗಾಳಿಚೀಲಗಳಿರುವ ಕಾರುಗಳಲ್ಲಿ ತಂತಿ ಅವುಗಳ ದಾರಿಗೆ ಅಡ್ಡ ಬರಬಾರದು. ಇದು ಪ್ರಾಣದ ವಿಷಯ, ಸೊಗಸಿನದಲ್ಲ. ಉಳಿದ ತಂತಿಯನ್ನು ಕತ್ತರಿಸದೆ, ಚೂಪಾಗಿ ಮಡಿಸದೆ ಸಡಿಲವಾಗಿ ಸುತ್ತಿಡುವುದೇ ಲೇಸು.

ಕವಚ ಮುಚ್ಚುವ ಮೊದಲು ಪರೀಕ್ಷಿಸುವುದರಲ್ಲಿಯೇ ಬಹುಮಂದಿ ಎಡವುತ್ತಾರೆ. ದೊಡ್ಡ ನಗರಗಳಲ್ಲಿ ಎತ್ತರದ ಕಟ್ಟಡಗಳು ಉಪಗ್ರಹವನ್ನು ಮರೆಮಾಡುವುದರಿಂದ, ಅದೇ ಕಾರ್ಯಕ್ರಮವನ್ನು ನೆಲದ ಮೇಲಿನ ಮರುಪ್ರಸಾರ ಕೇಂದ್ರಗಳೂ ಬಿತ್ತರಿಸುತ್ತವೆ. ಈ ಸಂಕೇತ ಎಷ್ಟು ಪ್ರಬಲವೆಂದರೆ, ಕೆಟ್ಟದಾಗಿ ಕೂರಿಸಿದ ಆಂಟೆನಾವೂ ಪೇಟೆಯೊಳಗೆ ನಿರಾತಂಕವಾಗಿ ಹಾಡುತ್ತದೆ. ಕೆಲಸ ಗೆದ್ದಿತೆಂದು ಒಡೆಯ ಹಿಗ್ಗುತ್ತಾನೆ. ಊರು ದಾಟಿ ಬಯಲು ಸೇರಿದೊಡನೆ ರೇಡಿಯೋ ಮೂಕವಾಗುತ್ತದೆ. ಉಪಗ್ರಹದ ಬಲವನ್ನೂ ನೆಲದ ಕೇಂದ್ರದ ಬಲವನ್ನೂ ಬೇರೆಬೇರೆಯಾಗಿ ತೋರಿಸುವ ಮಾಪಕ ಹಲವು ರೇಡಿಯೋಗಳಲ್ಲಿದೆ. ಊರಾಚೆ, ಮರಗಳಿಲ್ಲದ ತೆರೆದ ಬಯಲಿನಲ್ಲಿ ಕಾರು ನಿಲ್ಲಿಸಿ, ಬಿಲ್ಲೆ ಮಾಡಿನ ಮೇಲೆ ಬಯಲಾಗಿದ್ದಾಗ ಉಪಗ್ರಹದ ಮಾಪಕ ಎಷ್ಟು ತೋರಿಸುತ್ತದೆಂದು ಮೊದಲು ಗುರುತಿಸಿಕೊಳ್ಳಬೇಕು. ಬಳಿಕ ಕವಚದೊಳಗಿಟ್ಟು ನೋಡಬೇಕು. ವ್ಯತ್ಯಾಸ ಅಲ್ಪವಾದರೆ ತಿರುಪು ಬಿಗಿಯಬಹುದು. ಹೆಚ್ಚಾದರೆ ಆ ಕರಿಯ ಗಂಟು ಮಾಡಿನ ಮೇಲೆಯೇ ಇರುವುದು ಒಳ್ಳೆಯದು.