ಗಣಕಯಂತ್ರವೂ ನಿಕ್ಷೇಪಧರ್ಮವೂ

ಮನೆಗೆ ಹೊಸದಾಗಿ ಒಂದು ವಸ್ತು ಬಂದರೆ ಅದರ ಹಿಂದೆಯೇ ಒಂದು ಕಟ್ಟಳೆಯೂ ಬರುವುದು ಲೋಕರೂಢಿ. ಬಾವಿಯನ್ನು ತೋಡಿಸಿದವನು ಕಟ್ಟೆಯನ್ನೂ ಕಟ್ಟಿಸುತ್ತಾನೆ. ದೀಪವನ್ನು ತಂದವನು ಅದನ್ನಿಡುವ ಗೂಡನ್ನೂ ಮಾಡಿಸುತ್ತಾನೆ. ಗಣಕಯಂತ್ರವೂ ಅಂತರ್ಜಾಲವೂ ಮಾತ್ರ ಕಟ್ಟೆಯಿಲ್ಲದ ಬಾವಿಗಳಂತೆ ನಮ್ಮ ನಡುವೆ ಬಂದುವು. ಯಾರಾದರೂ ಬಿದ್ದ ಮೇಲೆಯೇ ಕಟ್ಟೆಯ ಯೋಚನೆ ನಮಗುಂಟಾಯಿತು.

ಈಗ ಕಥೋಲಿಕ ಧರ್ಮಸಭೆಗೆ ಸೇರಿದ ಅನೇಕ ಶಾಲೆಗಳಲ್ಲಿಯೂ ಆಸ್ಪತ್ರೆಗಳಲ್ಲಿಯೂ ಧರ್ಮಕೇಂದ್ರಗಳ ಕಚೇರಿಗಳಲ್ಲಿಯೂ ಕೆಲಸಕ್ಕೆ ಸೇರುವವರು ಒಂದು ಕಾಗದಕ್ಕೆ ರುಜು ಹಾಕಬೇಕಾಗುತ್ತದೆ. ಸಂಸ್ಥೆಯ ಗಣಕಯಂತ್ರವನ್ನು ಯಾವುದಕ್ಕೆ ಬಳಸಬಹುದು, ಯಾವುದಕ್ಕೆ ಬಳಸಕೂಡದು ಎಂಬ ನಿಯಮಗಳು ಅದರಲ್ಲಿರುತ್ತವೆ. ಓದದೆ ರುಜು ಹಾಕುವವರೇ ಹೆಚ್ಚು. ನಮ್ಮ ನಾಡಿನಲ್ಲಿ ಈ ಸಂಸ್ಥೆಗಳ ಶಾಲೆಗಳಲ್ಲಿ ಎಲ್ಲ ಮತದವರ ಮಕ್ಕಳೂ ಓದುತ್ತಾರೆ, ಆಸ್ಪತ್ರೆಗಳಲ್ಲಿ ಎಲ್ಲ ಮತದ ರೋಗಿಗಳೂ ಮಲಗುತ್ತಾರೆ. ಆದುದರಿಂದ ಇದು ಕ್ರೈಸ್ತರಿಗೆ ಮಾತ್ರ ಸಂಬಂಧಪಟ್ಟ ವಿಷಯವೆಂದು ವಾಚಕರು ಪುಟವನ್ನು ಮಗುಚಬಾರದು.

“ಧರ್ಮಸಂಸ್ಥೆಗೆ ಯಂತ್ರದ ಕಾನೂನೇಕೆ? ದೇವರ ಭಯವೊಂದು ಸಾಲದೆ?” ಎಂದು ಹಿಂದೆ ನಾನೇ ಹಾಸ್ಯಮಾಡುತ್ತಿದ್ದೆನು. ಸಾಲದೆಂಬುದನ್ನು ಒಂದು ಮಗುವಿನ ದುಃಖದಿಂದ ಕಲಿಯಬೇಕಾಯಿತು. ಆ ಸಂಗತಿಯನ್ನು ಮೊದಲು ಹೇಳಿಬಿಡುತ್ತೇನೆ.

ಧರ್ಮಭಗಿನಿಯರು ನಡೆಸುತ್ತಿದ್ದ ಒಂದು ಪ್ರೌಢಶಾಲೆಯಲ್ಲಿ ನಾನು ಸಂಸ್ಕೃತ ಪಂಡಿತನಾಗಿದ್ದೆನು. ಮಕ್ಕಳ ಅಂಕಗಳನ್ನು ಗಣಕಯಂತ್ರದಲ್ಲಿಯೇ ತುಂಬಬೇಕೆಂಬ ಏರ್ಪಾಡಾಯಿತು. ಪ್ರತಿಯೊಬ್ಬ ಉಪಾಧ್ಯಾಯರಿಗೂ ಒಂದೊಂದು ಪಾಸ್‌ವರ್ಡ್, ಎಂದರೆ ಗುಪ್ತಪದ, ಕೊಡಲ್ಪಟ್ಟಿತು. ಧಾತುರೂಪಗಳನ್ನು ನೆನಪಿನಲ್ಲಿಟ್ಟುಕೊಂಡಿದ್ದ ನನಗೆ ಆ ಎಂಟು ಅಕ್ಷರಗಳು ನೆನಪಿನಲ್ಲಿ ನಿಲ್ಲಲಿಲ್ಲ. ಅದನ್ನು ಒಂದು ಚೀಟಿಯಲ್ಲಿ ಬರೆದು ಯಂತ್ರಕ್ಕೇ ಅಂಟಿಸಿದೆನು. ಬೆರಳು ಓಡದ ಕಾರಣ ಒಂಬತ್ತನೆಯ ತರಗತಿಯ ಒಬ್ಬ ಚುರುಕಾದ ಹುಡುಗನನ್ನು ಕೂರಿಸಿ ಅಂಕಗಳನ್ನು ತುಂಬಿಸುತ್ತಿದ್ದೆನು.

ಒಂದು ದಿನ ನಾನು ಪಾಠಕ್ಕೆ ಹೋಗಿದ್ದಾಗ ಆ ಹುಡುಗನು ಕುತೂಹಲದಿಂದ ಬೇರೊಂದು ಪಟ್ಟಿಯನ್ನು ತೆರೆದನು. ಅದು ಫೀಸಿನ ರಿಯಾಯಿತಿಯ ಪಟ್ಟಿ. ಪ್ರತಿಯೊಂದು ಹೆಸರಿನ ಎದುರಿಗೂ ರಿಯಾಯಿತಿಗೆ ಕಾರಣವು ಬರೆದಿದ್ದಿತು. ಒಬ್ಬ ಹುಡುಗಿಯ ಹೆಸರಿನ ಎದುರಿಗೆ “ತಂದೆ ಸೆರೆಮನೆಯಲ್ಲಿದ್ದಾನೆ” ಎಂದಿದ್ದಿತು. ಹುಡುಗನು ಅದನ್ನು ಮೊಬೈಲ್ ಫೋನಿನಲ್ಲಿ ಚಿತ್ರ ತೆಗೆದು ಒಬ್ಬ ಗೆಳೆಯನಿಗೆ ಕಳುಹಿಸಿದನು. ದೀಪ ಹೊತ್ತಿಸುವ ಹೊತ್ತಿಗೆ ಅದು ತರಗತಿಯ ವಾಟ್ಸಾಪ್ ಗುಂಪಿನಲ್ಲಿದ್ದಿತು. ಮರುದಿನದಿಂದ ಆ ಹುಡುಗಿ ಶಾಲೆಗೆ ಬರಲಿಲ್ಲ. ನಾಲ್ಕನೆಯ ದಿನ ತಾಯಿಯು ಬಂದಳು. ಆಕೆ ಕೂಗಾಡಲಿಲ್ಲ. “ಸಿಸ್ಟರಮ್ಮನವರೊಬ್ಬರಿಗೇ ಹೇಳಿದ್ದೆ, ಮೇಷ್ಟ್ರೇ. ಅದು ಬೀದಿಗೆಲ್ಲ ಹೇಗೆ ಗೊತ್ತಾಯಿತು?” ಎಂದಷ್ಟೇ ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ವರ್ಷದ ಕೊನೆಗೆ ಹುಡುಗಿಯು ವರ್ಗಾವಣೆ ಪತ್ರವನ್ನು ತೆಗೆದುಕೊಂಡು ಬೇರೆ ಶಾಲೆಗೆ ಹೊರಟುಹೋದಳು.

ಮುಖ್ಯೋಪಾಧ್ಯಾಯಿನಿಯವರು ಹುಡುಗನನ್ನು ಕರೆದು ಬುದ್ಧಿ ಹೇಳಿದರು, ಶಾಲೆಯಿಂದ ಹೊರಹಾಕಲಿಲ್ಲ. ಆಮೇಲೆ ನಮ್ಮೆಲ್ಲರನ್ನೂ ಕೂರಿಸಿ, “ಬಾಗಿಲು ತೆರೆದದ್ದು ಯಾರ ಬೀಗದ ಕೈಯಿಂದ?” ಎಂದು ಕೇಳಿದರು. ನಾನು ಎದ್ದು ನಿಂತೆನು. ಅಂದಿನ ಸಭೆಯಲ್ಲಿಯೇ ನಮ್ಮ ಶಾಲೆಯ ನಿಯಮಪತ್ರವು ಹುಟ್ಟಿತು.

ಧರ್ಮಸಭೆಯು ಯಂತ್ರಗಳಿಗೆ ಹೆದರಿ ಇಂಥ ನಿಯಮಗಳನ್ನು ಮಾಡುತ್ತದೆಂದು ಕೆಲವರು ಭಾವಿಸಬಹುದು. ಚರಿತ್ರೆಯು ಬೇರೆ ಮಾತನ್ನು ಹೇಳುತ್ತದೆ. ೧೯೩೧ರ ಫೆಬ್ರುವರಿಯಲ್ಲಿ ವ್ಯಾಟಿಕನ್ನಿನ ಬಾನುಲಿ ನಿಲಯವು ಪ್ರಾರಂಭವಾದಾಗ ಅದನ್ನು ಕಟ್ಟಿಕೊಟ್ಟವರು ತಂತಿಯಿಲ್ಲದ ವಾರ್ತಾವಿದ್ಯೆಯ ಪ್ರವರ್ತಕರಾದ ಮಾರ್ಕೋನಿಯವರೇ. ೧೯೩೬ರಲ್ಲಿ ಹನ್ನೊಂದನೆಯ ಪಿಯುಸ್ ಜಗದ್ಗುರುಗಳು ಚಲನಚಿತ್ರಗಳ ಗುಣದೋಷಗಳನ್ನು ಕುರಿತು ಒಂದು ವಿಶ್ವಪತ್ರವನ್ನು ಬರೆದರು. ೧೯೬೩ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ಸಂಪರ್ಕಸಾಧನಗಳ ಮೇಲೆಯೇ ಪ್ರತ್ಯೇಕವಾದ ಒಂದು ಆದೇಶವನ್ನು ಹೊರಡಿಸಿತು. ೧೯೯೫ರ ಕ್ರಿಸ್ತಜಯಂತಿಯಂದು ವ್ಯಾಟಿಕನ್ನಿನ ಜಾಲತಾಣವು ತೆರೆಯಿತು. ೨೦೦೧ರ ನವೆಂಬರಿನಲ್ಲಿ ಎರಡನೆಯ ಜಾನ್ ಪಾಲ್ ಜಗದ್ಗುರುಗಳು ಶಾಂತಸಾಗರದ ದ್ವೀಪಗಳಲ್ಲಿ ಚದರಿದ್ದ ಧರ್ಮಾಧ್ಯಕ್ಷರಿಗೆ ತಮ್ಮ ಸಂದೇಶವನ್ನು ಇ-ಮೇಲಿನ ಮೂಲಕ ತಮ್ಮ ಕೈಯಾರೆ ಕಳುಹಿಸಿದರು.

ಇದಾದ ಮರುವರ್ಷ, ೨೦೦೨ರ ಫೆಬ್ರುವರಿಯಲ್ಲಿ, ಅಂತರ್ಜಾಲದ ವಿಷಯವಾಗಿ ವ್ಯಾಟಿಕನ್ನಿನಿಂದ ಎರಡು ಗ್ರಂಥಪತ್ರಗಳು ಹೊರಟುವು. ಒಂದು ಧರ್ಮಸಭೆಗೂ ಅಂತರ್ಜಾಲಕ್ಕೂ ಇರುವ ಸಂಬಂಧವನ್ನು ಕುರಿತದ್ದು. ಇನ್ನೊಂದು ಅಂತರ್ಜಾಲದ ನೀತಿಯನ್ನು ಕುರಿತದ್ದು. ಬಳಸಬೇಕೇ ಬೇಡವೇ ಎಂಬ ಪ್ರಶ್ನೆಯು ಅಲ್ಲಿಗೆ ಮುಗಿಯಿತು. ಹೇಗೆ ಬಳಸಬೇಕೆಂಬುದೇ ಉಳಿದ ಪ್ರಶ್ನೆ.

ನಾವು ಬರೆದ ನಿಯಮಪತ್ರವು ಒಂದೇ ಪುಟದ್ದು. ಅದರ ಸಾರವಿದು. ಒಬ್ಬರ ಗುಪ್ತಪದವನ್ನು ಇನ್ನೊಬ್ಬರಿಗೆ ಕೊಡತಕ್ಕದ್ದಲ್ಲ. ಅದರಿಂದ ನಡೆದುದಕ್ಕೆಲ್ಲ ಅದರ ಒಡೆಯನೇ ಹೊಣೆ. ಸಂಸ್ಥೆಯ ಯಂತ್ರವು ಸಂಸ್ಥೆಯ ಕೆಲಸಕ್ಕೆ. ವಿರಾಮದಲ್ಲಿ ಮನೆಯವರಿಗೆ ನಾಲ್ಕು ಸಾಲು ಬರೆದರೆ ದೋಷವಿಲ್ಲ, ಸ್ವಂತ ವ್ಯಾಪಾರವನ್ನು ನಡೆಸಕೂಡದು. ಅಶ್ಲೀಲವಾದುದನ್ನೂ ದ್ವೇಷವನ್ನು ಬೆಳೆಸುವುದನ್ನೂ ನೋಡತಕ್ಕದ್ದಲ್ಲ, ಕಳುಹಿಸತಕ್ಕದ್ದಲ್ಲ. ಇತರರು ರಚಿಸಿದ ಪುಸ್ತಕ, ಸಂಗೀತ, ಚಿತ್ರಗಳನ್ನು ಅಪ್ಪಣೆಯಿಲ್ಲದೆ ನಕಲು ಮಾಡತಕ್ಕದ್ದಲ್ಲ. ಸಂಸ್ಥೆಯ ಹೆಸರಿನಲ್ಲಿ ಸ್ವಂತ ಅಭಿಪ್ರಾಯವನ್ನು ಪ್ರಕಟಿಸತಕ್ಕದ್ದಲ್ಲ. ಮಕ್ಕಳ ಭಾವಚಿತ್ರವನ್ನು ತಾಯಿತಂದೆಗಳ ಒಪ್ಪಿಗೆಯಿಲ್ಲದೆ ಜಾಲದಲ್ಲಿ ಹಾಕತಕ್ಕದ್ದಲ್ಲ. ಉಪಾಧ್ಯಾಯರು ಒಂದು ಮಗುವಿನೊಡನೆ ಗುಟ್ಟಾಗಿ ಸಂದೇಶ ವ್ಯವಹಾರವನ್ನು ನಡೆಸತಕ್ಕದ್ದಲ್ಲ. ಕೆಲಸವನ್ನು ಬಿಡುವವನು ಬೀಗದ ಕೈಗಳನ್ನು ಒಪ್ಪಿಸುವಂತೆಯೇ ಗುಪ್ತಪದಗಳನ್ನೂ ಒಪ್ಪಿಸಿ ಹೋಗತಕ್ಕದ್ದು.

ಇವನ್ನು ಬರೆಯುತ್ತಿದ್ದಾಗ ನನಗೆ ನಮ್ಮ ಧರ್ಮಶಾಸ್ತ್ರದ ನಿಕ್ಷೇಪ ಪ್ರಕರಣವು ನೆನಪಾಯಿತು. ಮನುಸ್ಮೃತಿಯು ಹದಿನೆಂಟು ವ್ಯವಹಾರಪದಗಳನ್ನು ಎಣಿಸುವಾಗ, ಸಾಲದ ವ್ಯವಹಾರವನ್ನು ಹೇಳಿದೊಡನೆ ಎರಡನೆಯದಾಗಿ ನಿಕ್ಷೇಪವನ್ನು ಹೇಳುತ್ತದೆ. ನಿಕ್ಷೇಪವೆಂದರೆ ಒಬ್ಬನು ನಂಬಿಕೆಯಿಂದ ಇನ್ನೊಬ್ಬನ ಕೈಯಲ್ಲಿ ಇಟ್ಟ ವಸ್ತು. ಯಾಜ್ಞವಲ್ಕ್ಯಸ್ಮೃತಿಯಲ್ಲಿ ಉಪನಿಧಿಯೆಂಬ ಇನ್ನೊಂದು ಬಗೆಯುಂಟು. ಒಳಗೇನಿದೆಯೆಂದು ಹೇಳದೆ, ಪೆಟ್ಟಿಗೆಯಲ್ಲಿ ಮುಚ್ಚಿ ಒಪ್ಪಿಸಿದ್ದು ಉಪನಿಧಿ. ಅದನ್ನು ಹೇಗೆ ಕೊಟ್ಟಿದ್ದರೋ ಹಾಗೆಯೇ ಹಿಂದಿರುಗಿಸಬೇಕು. ನಮ್ಮ ನಾಡಿನ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ತನ್ನ ಮಿತಾಕ್ಷರೆಯಲ್ಲಿ ಈ ಭೇದವನ್ನು ವಿವರಿಸಿದ್ದಾನೆ. ಕ್ರೈಸ್ತರ ಶುಭಸಂದೇಶದಲ್ಲಿಯೂ, ಯಜಮಾನನು ದೂರದೇಶಕ್ಕೆ ಹೋಗುವಾಗ ಸೇವಕರ ಕೈಯಲ್ಲಿ ಹಣವನ್ನಿಟ್ಟು ಹೋಗಿ, ಮರಳಿ ಬಂದು ಲೆಕ್ಕವನ್ನು ಕೇಳಿದ ಸಾಮತಿಯುಂಟು.

ಸಂಸ್ಥೆಯ ಗಣಕಯಂತ್ರವು ಇಂಥ ನಿಕ್ಷೇಪವೇ ಸರಿ. ಯಂತ್ರವು ದಾನಿಗಳ ಹಣದಿಂದಲೋ ತಾಯಿತಂದೆಗಳ ಫೀಸಿನಿಂದಲೋ ಬಂದದ್ದು. ಅದರೊಳಗಿರುವ ರೋಗಿಯ ವ್ಯಾಧಿ, ವಿದ್ಯಾರ್ಥಿಯ ಬಡತನ, ದಂಪತಿಗಳ ಮನಸ್ತಾಪ ಇವೇ ಮೊದಲಾದುವು ಅನ್ಯರ ಗುಟ್ಟುಗಳು. ಹಣದ ನಿಕ್ಷೇಪವು ಕಳೆದರೆ ಹಣವನ್ನೇ ತುಂಬಿಕೊಡಬಹುದು. ಗುಟ್ಟು ಹೊರಟುಹೋದರೆ ತುಂಬಿಕೊಡುವ ಬಗೆಯಿಲ್ಲ. ಆ ತಾಯಿಯ ಮುಂದೆ ನಾನು ಮೂಕನಾದುದು ಈ ಕಾರಣದಿಂದಲೇ. ಧರ್ಮಸಭೆಯ ಕಾನೂನುಸಂಹಿತೆಯ ೨೨೦ನೆಯ ವಿಧಿಯು ಯಾರ ಸತ್ಕೀರ್ತಿಯನ್ನೂ ನ್ಯಾಯವಿಲ್ಲದೆ ಕೆಡಿಸಕೂಡದೆಂದೂ, ಯಾರ ಖಾಸಗಿ ಬಾಳಿನ ಹಕ್ಕನ್ನೂ ಉಲ್ಲಂಘಿಸಕೂಡದೆಂದೂ ಹೇಳುತ್ತದೆ. ನಮ್ಮ ಸಂಸತ್ತು ೨೦೨೩ರಲ್ಲಿ ಅಂಗೀಕರಿಸಿದ ಮಾಹಿತಿರಕ್ಷಣೆಯ ಶಾಸನವೂ ೧೮ ವರ್ಷ ತುಂಬದವರನ್ನು ಮಕ್ಕಳೆಂದೇ ಎಣಿಸಿ, ಅವರ ವಿವರಗಳನ್ನು ಬಳಸುವುದಕ್ಕೆ ತಾಯಿತಂದೆಗಳ ಒಪ್ಪಿಗೆ ಬೇಕೆಂದು ವಿಧಿಸುತ್ತದೆ.

ಆದರೆ ಯಂತ್ರದೊಳಕ್ಕೆ ಹೋಗಲೇಬಾರದ ಗುಟ್ಟೂ ಒಂದುಂಟು. ಪಾಪನಿವೇದನೆಯಲ್ಲಿ ಗುರುಗಳು ಕೇಳಿದ ಮಾತನ್ನು ಯಾವ ಕಾರಣಕ್ಕೂ ಹೊರಗೆಡಹಕೂಡದೆಂಬುದು ಅದೇ ಸಂಹಿತೆಯ ೯೮೩ನೆಯ ವಿಧಿ. ಅಂತರ್ಜಾಲದಲ್ಲಿ ಸಂಸ್ಕಾರಗಳಿಲ್ಲವೆಂದು ೨೦೦೨ರ ಪತ್ರವೂ ಸ್ಪಷ್ಟವಾಗಿ ನುಡಿಯಿತು. ೨೦೨೦ರ ಮಹಾಮಾರಿಯ ಕಾಲದಲ್ಲಿ ದೇವಾಲಯಗಳು ಮುಚ್ಚಿದ್ದಾಗ ಜನರು ಬಲಿಪೂಜೆಯನ್ನು ಮನೆಯಲ್ಲಿ ಪರದೆಯ ಮೇಲೆ ಕಂಡರು. ಆಗಲೂ ಪಾಪನಿವೇದನೆಯನ್ನು ಫೋನಿನ ಮೂಲಕ ನಡೆಸಲು ಒಪ್ಪಿಗೆ ದೊರೆಯಲಿಲ್ಲ. ಕೆಲವು ಮಾತುಗಳಿಗೆ ಎದುರಿಗೆ ಒಬ್ಬ ಮನುಷ್ಯನೇ ಕುಳಿತಿರಬೇಕೆಂಬುದು ಇದರ ತಾತ್ಪರ್ಯ. ಕೃತಕಬುದ್ಧಿಯ ಯಂತ್ರಗಳ ವಿಷಯವಾಗಿ ೨೦೨೫ರ ಜನವರಿಯಲ್ಲಿ ವ್ಯಾಟಿಕನ್ನಿನಿಂದ ಹೊರಟ ಪತ್ರವೂ, ಅವು ಮನುಷ್ಯಬುದ್ಧಿಯಿಂದ ಹುಟ್ಟಿದ ಸಾಧನಗಳೇ ಹೊರತು ಮನುಷ್ಯನಿಗೆ ಸಮಾನವಲ್ಲವೆಂದು ಬೋಧಿಸುತ್ತದೆ. ಪ್ರಶ್ನೆಪತ್ರಿಕೆಯ ಕರಡನ್ನು ಮಾಡಲು ಅವುಗಳ ನೆರವನ್ನು ಪಡೆಯಬಹುದು. ಒಂದು ಮಗುವಿನ ಮನೆಯ ಕಷ್ಟವನ್ನು ಅವುಗಳ ಮುಂದೆ ಸುರಿಯುವುದು ನಿಕ್ಷೇಪವನ್ನು ಸಂತೆಯಲ್ಲಿ ಬಿಚ್ಚಿದಂತೆಯೇ.

ಇಲ್ಲಿ ಎರಡು ಆಕ್ಷೇಪಗಳಿಗೆ ಸಮಾಧಾನವನ್ನು ಹೇಳಬೇಕು. “ಸಂಸ್ಥೆಯವರು ನಮ್ಮ ಕಾಗದಗಳನ್ನೆಲ್ಲ ಓದುತ್ತಾರೆಯೇ?” ಎಂಬುದು ನೌಕರರ ಶಂಕೆ. ಸಂಸ್ಥೆಯ ಯಂತ್ರದಲ್ಲಿ ನಡೆಯುವುದನ್ನು ಪರೀಕ್ಷಿಸುವ ಅಧಿಕಾರವು ಸಂಸ್ಥೆಗುಂಟು. ಆದರೆ ಯಾರು, ಯಾವಾಗ, ಯಾವ ಕಾರಣಕ್ಕೆ ಪರೀಕ್ಷಿಸುವರೆಂಬುದನ್ನು ಮೊದಲೇ ಬರೆದು ತಿಳಿಸಿರಬೇಕು. ತಿಳಿಸಿ ನೋಡುವುದು ಕಾವಲು. ತಿಳಿಸದೆ ನೋಡುವುದು ಕಳ್ಳತನ.

ಎರಡನೆಯ ಆಕ್ಷೇಪವು ಇನ್ನೂ ಗುರುತರವಾದದ್ದು. ಗುಟ್ಟನ್ನು ಕಾಪಾಡಬೇಕೆಂಬ ನಿಯಮವು ಪಾಪವನ್ನು ಮುಚ್ಚಿಡುವ ಮುಸುಕಾಗಲಾರದೆ? ಆಗಬಹುದು, ಆಗಿಯೂ ಇದ್ದಿತು. ಅನೇಕ ದೇಶಗಳಲ್ಲಿ ಮಕ್ಕಳ ಮೇಲೆ ನಡೆದ ಅತ್ಯಾಚಾರಗಳನ್ನು ಧರ್ಮಸಭೆಯ ಅಧಿಕಾರಿಗಳೇ ಸಂಸ್ಥೆಯ ಮಾನಕ್ಕೆ ಅಂಜಿ ಅಡಗಿಸಿದ್ದರೆಂಬುದು ಬಹಿರಂಗವಾದ ಸಂಗತಿ. ೨೦೧೯ರಲ್ಲಿ ಫ್ರಾನ್ಸಿಸ್ ಜಗದ್ಗುರುಗಳು ಹೊರಡಿಸಿದ ಶಾಸನವು, ಇಂಥ ಅಪರಾಧವನ್ನರಿತ ಗುರುಗಳೂ ಸನ್ಯಾಸಿಗಳೂ ಅದನ್ನು ಧರ್ಮಸಭೆಯ ಅಧಿಕಾರಿಗಳಿಗೆ ತಿಳಿಸಲೇಬೇಕೆಂದು ವಿಧಿಸಿತು. ಮಕ್ಕಳ ಅಶ್ಲೀಲ ಚಿತ್ರಗಳನ್ನು ಇಟ್ಟುಕೊಳ್ಳುವುದನ್ನೂ ಅದರಲ್ಲಿ ಸೇರಿಸಿತು. ನಮ್ಮ ದೇಶದ ೨೦೧೨ರ ಪೋಕ್ಸೋ ಶಾಸನದ ಪ್ರಕಾರ ಇಂಥ ಅಪರಾಧವು ತಿಳಿದವರು ಯಾರೇ ಆಗಲಿ ಪೊಲೀಸರಿಗೆ ತಿಳಿಸದಿದ್ದರೆ ಅದೇ ಶಿಕ್ಷಾರ್ಹ. ಆದುದರಿಂದ ಕಾಪಾಡತಕ್ಕದ್ದು ಮಗುವಿನ ಗುಟ್ಟನ್ನು. ಮಗುವಿಗೆ ಕೇಡು ಮಾಡಿದವನ ಗುಟ್ಟನ್ನಲ್ಲ. ಈ ಒಂದು ವಾಕ್ಯವಿಲ್ಲದ ನಿಯಮಪತ್ರವು ಅಸಂಪೂರ್ಣವೆಂದೇ ತಿಳಿಯತಕ್ಕದ್ದು.

ನಿಯಮಗಳನ್ನು ಮಾಡುವ ಕ್ರಮದಲ್ಲಿಯೂ ಕಲಿಯತಕ್ಕ ಮಾತೊಂದುಂಟು. ಮಠದ ಹೊಸ್ತಿಲನ್ನು ದಾಟದೆ ಧ್ಯಾನದಲ್ಲಿಯೇ ಜೀವಿಸುವ ಏಕಾಂತವಾಸಿಗಳಾದ ಸನ್ಯಾಸಿನಿಯರಿಗಾಗಿ ೧೯೯೯ರಲ್ಲಿ ಒಂದು ಸೂಚನಾಪತ್ರವು ಹೊರಟಿತು. ಸಮಾಚಾರಕ್ಕಾಗಿ ಅಥವಾ ಕೆಲಸಕ್ಕಾಗಿ ಅಂತರ್ಜಾಲವನ್ನು ವಿವೇಚನೆಯಿಂದ ಬಳಸಬಹುದೆಂದೂ, ಅದನ್ನು ಮಠದ ಸನ್ಯಾಸಿನಿಯರು ಸಭೆ ಸೇರಿ ತೀರ್ಮಾನಿಸತಕ್ಕದ್ದೆಂದೂ ಅದರಲ್ಲಿ ಹೇಳಿದೆ. ಈ ಸಾಧನಗಳು ಕಾಲಹರಣಕ್ಕೂ, ಸೋದರಿಯರ ಒಡನಾಟದಿಂದ ತಪ್ಪಿಸಿಕೊಳ್ಳುವುದಕ್ಕೂ ನೆಪವಾಗಬಾರದೆಂದು ೨೦೧೬ರಲ್ಲಿ ಫ್ರಾನ್ಸಿಸ್ ಜಗದ್ಗುರುಗಳು ಅವರನ್ನು ಎಚ್ಚರಿಸಿದರು. ಕೂಡಿ ಮಾಡಿದ ನಿಯಮವನ್ನು ಕೂಡಿಯೇ ಪಾಲಿಸುವುದು ಸುಲಭ.

ಇದು ಗೃಹಸ್ಥರಿಗೂ ಸಲ್ಲುವ ಮಾತು. ೨೦೨೫ರ ಸೆಪ್ಟೆಂಬರಿನಲ್ಲಿ ಸಂತರೆಂದು ಘೋಷಿತರಾದ ಇಟಲಿಯ ಕಾರ್ಲೋ ಅಕುತಿಸ್ ಎಂಬ ಬಾಲಕರು ೨೦೦೬ರಲ್ಲಿ ತಮ್ಮ ಹದಿನೈದನೆಯ ವಯಸ್ಸಿನಲ್ಲಿಯೇ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ಗಣಕಯಂತ್ರದಲ್ಲಿ ಅವರಿಗೆ ಅಸಾಧಾರಣವಾದ ಪರಿಣತಿಯಿದ್ದಿತು. ಪರಮಪ್ರಸಾದದ ಅದ್ಭುತಗಳನ್ನು ಕುರಿತು ಅವರು ಒಂದು ಜಾಲತಾಣವನ್ನೇ ಸಿದ್ಧಗೊಳಿಸಿದರು. ಅಂಥವರು ಯಂತ್ರದ ಆಟಗಳಿಗೆ ಮಾತ್ರ ವಾರಕ್ಕೆ ಒಂದು ಗಂಟೆಯ ಮಿತಿಯನ್ನು ತಮಗೆ ತಾವೇ ಹಾಕಿಕೊಂಡಿದ್ದರಂತೆ. ಹೊರಗಿನವರು ಹಾಕಿದ ಕಟ್ಟಳೆಯು ಯಾರೂ ನೋಡದಾಗ ಸಡಿಲುತ್ತದೆ. ತಾನೇ ಒಪ್ಪಿಕೊಂಡದ್ದು ನಿಲ್ಲುತ್ತದೆ. ನಮ್ಮ ಮನೆಗಳಲ್ಲಿಯೂ ಒಂದು ಸಂಜೆ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾಲ್ಕು ನಿಯಮಗಳನ್ನು ಅವರ ಕೈಯಿಂದಲೇ ಬರೆಸಬಹುದು. ಹಿರಿಯರೂ ಅದಕ್ಕೆ ರುಜು ಹಾಕಬೇಕು. ನೆರೆಮನೆಯವರ ಕಷ್ಟದ ಸುದ್ದಿಯನ್ನು ಫೋನಿನಲ್ಲಿ ಹರಡುವುದರಲ್ಲಿ ನಾವು ಮಕ್ಕಳಿಗಿಂತ ಹಿಂದುಳಿದವರೇನೂ ಅಲ್ಲ.

ನಾನು ಶಾಲೆಯಿಂದ ನಿವೃತ್ತನಾದ ದಿನ, ಅಲಮಾರಿನ ಬೀಗದ ಕೈಯನ್ನು ಮೇಜಿನ ಮೇಲಿಟ್ಟು, ನನ್ನ ಗುಪ್ತಪದವನ್ನು ರದ್ದು ಮಾಡಬೇಕೆಂದು ಬರೆದುಕೊಟ್ಟೆನು. ಮುಖ್ಯೋಪಾಧ್ಯಾಯಿನಿಯವರು ಆ ಕಾಗದವನ್ನು ಓದಿ, “ಇದನ್ನು ಮರೆಯದೆ ಕೊಟ್ಟವರು ನೀವೊಬ್ಬರೇ, ಪಂಡಿತರೇ” ಎಂದು ನಕ್ಕರು. ನನಗೆ ನಗು ಬರಲಿಲ್ಲ. ಚೀಟಿಯನ್ನು ಅಂಟಿಸಿದ್ದ ಆ ಜಾಗದಲ್ಲಿ ಅಂಟಿನ ಕಲೆಯು ಇನ್ನೂ ಉಳಿದಿದ್ದಿತು.